ಹಾರ-ತುರಾಯಿ ಮಾಬ್ಲಣ್ಣ

ಶಿಕಾರಿಪುರದಲ್ಲಿ ಸನ್ಮಾನ ಮಾಡಿಸಿಕೊಳ್ಳುವವರು ತಡವಾಗಿ ಬಂದರೂ ಕಾರ್ಯಕ್ರಮ ಹೇಗೋ ಸಾಗುತ್ತದೆ. ಮಾಬ್ಲಣ್ಣ ತಡವಾಗಿ ಬಂದರೆ ಸಾಗುವುದಿಲ್ಲ. ಬಸ್ ಸ್ಟ್ಯಾಂಡಿನಿಂದ ಮಾರುಕಟ್ಟೆಯ ಕಡೆ ಹೋಗುವ ರಸ್ತೆಯಲ್ಲಿ ಅವನದೊಂದು ಇಕ್ಕಟ್ಟಾದ ಅಂಗಡಿ ಇದೆ. ಶಾಲು, ಗಂಧದ ಹಾರ, ಮೈಸೂರು ಪೇಟ, ಸ್ಮರಣಿಕೆ, ಹಣ್ಣಿನ ಬುಟ್ಟಿಗೆ ಸುತ್ತುವ ಬಣ್ಣದ ಹಾಳೆ, ಹೀಗೆ ಒಬ್ಬ ಮನುಷ್ಯನನ್ನು ದೊಡ್ಡವನನ್ನಾಗಿ ಮಾಡಲು ಬೇಕಾದ ಸಾಮಾನೆಲ್ಲ ಅಲ್ಲಿ ಸಿಗುತ್ತದೆ. ಪೂರ್ತಿ ಹೆಸರು ಮಾಬ್ಲೇಶ್ವರ, ಊರು ಸೊರಬದ ಕಡೆಯ ಕುಪ್ಪಗಡ್ಡೆ. ಕಾಲೇಜು ಓದಲು ಬಂದವನು ಓದನ್ನು ಅರ್ಧಕ್ಕೆ ಕೈಬಿಟ್ಟು ಅಂಗಡಿ ಇಟ್ಟ. ಜನ ಅವನನ್ನು ಕರೆಯುವುದು ಹಾರ-ತುರಾಯಿ ಮಾಬ್ಲಣ್ಣ ಎಂದು.

ಸಾಮಾನು ಮಾರಿ ಅವನು ಸುಮ್ಮನೆ ಕೂರಬಹುದಿತ್ತು. ಆದರೆ ಹಿಂದೊಮ್ಮೆ ಯಾವುದೋ ಸಭೆಯಲ್ಲಿ ಅಧಿಕಾರಿಯೊಬ್ಬರಿಗೆ ಮೊದಲು ಪೇಟ ತೊಡಿಸಿ, ಆಮೇಲೆ ಹಾರ ಹಾಕಲು ಹೋದರು. ಹಾರ ಪೇಟದ ತುರಾಯಿಗೆ ಸಿಕ್ಕಿಕೊಂಡಿತು. ಹಾಕಿದವರು ಎಳೆದರು, ಹಾಕಿಸಿಕೊಂಡವರು ಬಗ್ಗಿದರು, ದಾರ ಕಿತ್ತು ಗಂಧದ ಸುರುಳಿಗಳು ವೇದಿಕೆಯ ತುಂಬ ಚೆಲ್ಲಾಡಿದವು. ಕೆಳಗೆ ಕೂತಿದ್ದ ಮಾಬ್ಲಣ್ಣನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ತಟ್ಟೆಯನ್ನು ಕೈಗೆ ತೆಗೆದುಕೊಂಡ. ಮೊದಲು ಶಾಲು, ಆಮೇಲೆ ಹಾರ, ಅದರ ಮೇಲೆ ಪೇಟ, ಕೊನೆಗೆ ಹಣ್ಣು ಮತ್ತು ಸ್ಮರಣಿಕೆ. ಅವತ್ತಿನಿಂದ ಅವನ ಅಂಗಡಿಯಲ್ಲಿ ಸನ್ಮಾನದ ಸೆಟ್ ಕೊಂಡವರು ಜೊತೆಗೆ ಅವನನ್ನೂ ಕರೆದೊಯ್ಯುವುದು ರೂಢಿಯಾಗಿಹೋಯಿತು. ಅದಕ್ಕೆ ಅವನು ಕೂಲಿ ಕೇಳಿದವನಲ್ಲ. ಸಭೆಯ ಕೊನೆಗೆ ಸಿಗುವ ಉಪ್ಪಿಟ್ಟು, ಕೇಸರಿಬಾತು ಬಿಟ್ಟವನೂ ಅಲ್ಲ.

ಹೀಗೆ ಊರಲ್ಲಿ ತೆಗೆದ ಸನ್ಮಾನದ ಫೋಟೋಗಳಲ್ಲೆಲ್ಲ ಮಾಬ್ಲಣ್ಣ ಇದ್ದಾನೆ. ಪೇಪರಿಗೆ ಹಾಕುವಾಗ ಮಾತ್ರ ಅವನನ್ನು ಕತ್ತರಿಸಿ ಹಾಕುತ್ತಾರೆ.

"ಇಲ್ನೋಡಿ, ಇವತ್ತೂ ಪೇಪರಲ್ಲಿ ನಿಮ್ಮ ಕೈ ಬಂದಿದೆ" ಎಂದು ಹೆಂಡತಿ ಮೂಕಾಂಬಿಕಾ ಬೆಳಗಿನ ಕಾಫಿಯ ಜೊತೆಗೇ ಚುಡಾಯಿಸುತ್ತಾಳೆ. ಮಾಬ್ಲಣ್ಣ ನಗುತ್ತಾನೆ. ಅವನಿಗೆ ಅದರಿಂದ ನೋವಾಗುತ್ತಿರಲಿಲ್ಲ ಎಂದರೆ ನಂಬಬೇಕು. ಅವನು ಅಂಥ ಆಸಾಮಿ.

ಇನ್ನು ವೀರಬಸಪ್ಪನವರು. ಬೀಜ-ಗೊಬ್ಬರದ ಅಂಗಡಿಯ ಯಜಮಾನರು, ದಪ್ಪ ಮೀಸೆ, ದೊಡ್ಡ ತಲೆ, ಅದಕ್ಕಿಂತ ದೊಡ್ಡ ದನಿ. ಊರಿನ ಸಾಂಸ್ಕೃತಿಕ ಸಂಘಕ್ಕೆ ಇಪ್ಪತ್ತೈದು ವರ್ಷ ಅವರೇ ಅಧ್ಯಕ್ಷರು. ನಾಟಕದವರು, ಮೇಷ್ಟ್ರುಗಳು, ಸೂಲಗಿತ್ತಿಯರು, ಡೊಳ್ಳು ಬಾರಿಸುವವರು, ಎಲ್ಲರನ್ನೂ ಹುಡುಕಿ ಕರೆತಂದು ಶಾಲು ಹೊದಿಸಿದವರು. ತಮಗೆ ಮಾತ್ರ ಯಾರಾದರೂ ಶಾಲು ತಂದರೆ ಸಿಡಿಮಿಡಿಗೊಳ್ಳುತ್ತಿದ್ದರು. "ಕುರ್ಚಿ ಮ್ಯಾಲೆ ಕುಂತೋನು ತನಗೆ ತಾನೇ ಹಾರ ಹಾಕ್ಕಂಡಂಗೆ ಆಗ್ತೈತೆ, ನಂಗೆ ಬ್ಯಾಡ" ಎಂದು ಖಡಾಖಂಡಿತವಾಗಿ ಹೇಳಿಬಿಡುತ್ತಿದ್ದರು. ಅಷ್ಟು ವರ್ಷವೂ ವೇದಿಕೆಯ ಮೇಲೆ ಅವರ ಬಲಗಡೆ ನಿಂತವನು ಮಾಬ್ಲಣ್ಣ. ಅವರು ಕೈ ಚಾಚಿದರೆ ಸಾಕು, ಯಾವಾಗ ಯಾವುದು ಬೇಕೋ ಅದು ಕೈಗೆ ಬರುತ್ತಿತ್ತು. ಇಬ್ಬರೂ ಮನೆಗೆ ಹೋಗಿ ಬಂದು ಮಾಡುವಷ್ಟು ಸಲಿಗೆಯವರಲ್ಲ, ಆದರೆ ಒಬ್ಬರನ್ನು ಬಿಟ್ಟು ಇನ್ನೊಬ್ಬರು ಸಂಘದ ವೇದಿಕೆ ಹತ್ತಿದ್ದನ್ನು ಊರು ನೋಡಿರಲಿಲ್ಲ.

ಈ ವರ್ಷ ವೀರಬಸಪ್ಪನವರು ಮಂಡಿನೋವಿನಿಂದ ಸೋತು, ಅಧ್ಯಕ್ಷಗಿರಿ ಸಾಕು ಎಂದರು. ಹಾಗಾದರೆ ಈಗಲಾದರೂ ನಿಮಗೊಂದು ಸನ್ಮಾನ ಮಾಡುತ್ತೇವೆ ಎಂದು ಸಂಘದವರು ಹಟ ಹಿಡಿದರು. ಅವರು ಒಪ್ಪಿದ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಮಾಬ್ಲಣ್ಣ. ಅಂಗಡಿಯಲ್ಲಿದ್ದ ಪೇಟಗಳನ್ನೆಲ್ಲ ಕೆಳಗಿಳಿಸಿ, ಆ ದೊಡ್ಡ ತಲೆಗೆ ಆಗುವಂಥದ್ದು ಯಾವುದೂ ಇಲ್ಲವೆಂದು ಶಿವಮೊಗ್ಗಕ್ಕೆ ಬಸ್ಸು ಹತ್ತಿ ಹೋಗಿ ಹೊಸದೊಂದು ತಂದ. ತನ್ನ ಮಗಳ ಮದುವೆಗೂ ಅವನು ಇಷ್ಟು ಓಡಾಡಿರಲಿಲ್ಲ ಎಂದು ಮೂಕಾಂಬಿಕಾ ಹೇಳಿದ್ದು ಸುಳ್ಳಲ್ಲ.

ಸನ್ಮಾನಕ್ಕೆ ಮುಂಚೆ ವೀರಬಸಪ್ಪನವರ ಬಗ್ಗೆ ಒಂದು ಸಣ್ಣ ಚಿತ್ರ ತೋರಿಸಬೇಕು ಎಂದು ತೀರ್ಮಾನವಾಯಿತು. ಆ ಹೊಣೆ ಅವರ ಸೊಸೆ ಶರಣ್ಯಳದು. ಅವಳು ಕಾಲೇಜಿನಲ್ಲಿ ಪಾಠ ಹೇಳುವವಳು, ಚುರುಕಿನ ಹೆಣ್ಣುಮಗಳು. ಅವಳ ಲ್ಯಾಪ್‌ಟಾಪಿನಲ್ಲಿ ಒಂದು ಪ್ರೋಗ್ರಾಮ್ ಇತ್ತು. ಫೋಟೋಗಳನ್ನೆಲ್ಲ ಅದರೊಳಗೆ ಸುರಿದರೆ ಸಾಕಂತೆ. ಯಾವುದು ಬೇಕು, ಯಾವುದು ಬೇಡ ಎಂದು ಅದೇ ಆರಿಸುತ್ತದೆ. ಯಾವುದನ್ನು ದೊಡ್ಡದಾಗಿ ನಡುವೆ ಇಡಬೇಕು, ಯಾವುದನ್ನು ಸಣ್ಣದಾಗಿ ಮೂಲೆಗೆ ಸರಿಸಬೇಕು ಎಂದು ಅದೇ ಜೋಡಿಸುತ್ತದೆ. ಅಡಿಬರಹ ಬರೆದು, ಹಿನ್ನೆಲೆಗೆ ವೀಣೆಯನ್ನೋ ಕೊಳಲನ್ನೋ ಸೇರಿಸಿ, ತಾನೇ ಗಟ್ಟಿಯಾಗಿ ಓದಿಯೂ ಬಿಡುತ್ತದೆ. ಫೋಟೋಗ್ರಾಫರ್ ನಾಗರಾಜ್ ಸಂಘದ ಅಷ್ಟೂ ವರ್ಷದ ಫೋಟೋಗಳನ್ನು ಒಂದು ಪೆನ್‌ಡ್ರೈವಿಗೆ ತುಂಬಿಸಿ ಕೊಟ್ಟಿದ್ದ.

ಕಾರ್ಯಕ್ರಮದ ದಿನ ಬೆಳಿಗ್ಗೆ ಸಭಾಭವನದ ಪಕ್ಕದ ಕೋಣೆಯಲ್ಲಿ ಮಾಬ್ಲಣ್ಣ ಶಾಲಿಗೆ ಅಂಟಿದ್ದ ಬೆಲೆಚೀಟಿ ಕೀಳುತ್ತಾ ಕೂತಿದ್ದ. ಶರಣ್ಯ ಅಲ್ಲಿಗೇ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟು, ಫೋಟೋಗಳನ್ನು ಸುರಿದಳು. ಅಷ್ಟರಲ್ಲಿ ಚಂದ್ರಗುತ್ತಿಯಿಂದ ಬರಬೇಕಿದ್ದ ಮುಖ್ಯ ಅತಿಥಿಗಳ ಫೋನು ಬಂತು. ನಿವೃತ್ತ ಹೆಡ್‌ಮಾಸ್ಟರು, ದಾರಿ ತಪ್ಪಿ ಆನವಟ್ಟಿಯ ಕಡೆ ಹೊರಟಿದ್ದರು. ಅವಳು ಅವರಿಗೆ ದಾರಿ ಹೇಳುತ್ತಿರುವಾಗಲೇ ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು. ಚಿತ್ರಗಳಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಕಾಣುವವರು ಇವರು, ಇವರ ಹೆಸರೇನು ಎಂದು ಕೇಳಿ, ಪಕ್ಕದಲ್ಲಿ ಬಿಲ್ಲೆಯಷ್ಟಗಲದ ಒಂದು ಮುಖವನ್ನು ತೋರಿಸುತ್ತಿತ್ತು.

ಶರಣ್ಯ ಫೋನನ್ನು ಕಿವಿಯಿಂದ ಕೀಳದೆ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. "ಮಾಬ್ಲಣ್ಣ, ಇದ್ಯಾರು ಸ್ವಲ್ಪ ನೋಡ್ರಿ."

ಮಾಬ್ಲಣ್ಣನ ಕನ್ನಡಕ ಅಂಗಡಿಯಲ್ಲೇ ಉಳಿದಿತ್ತು. ಕಣ್ಣು ಕಿರಿದು ಮಾಡಿ ನೋಡಿದ. ಮೀಸೆ ಕಂಡಿತು, ತಲೆಯ ಮೇಲೊಂದು ಪೇಟ ಕಂಡಿತು. "ಇನ್ಯಾರು ಮಾರಾಯ್ರೇ, ನಿಮ್ಮ ಮಾವನೋರೇ" ಎಂದ.

ಸನ್ಮಾನವನ್ನೇ ಒಲ್ಲೆನೆಂದ ಮನುಷ್ಯನ ತಲೆಯ ಮೇಲೆ ಪೇಟ ಎಲ್ಲಿಂದ ಬಂತು ಎಂದು ಅವನು ಒಂದು ಗಳಿಗೆ ಯೋಚಿಸಬೇಕಿತ್ತು. ಅದು ಅವನದೇ ಮುಖ, ಅವನದೇ ಮೀಸೆ. ಯಾರಿಗೋ ತೊಡಿಸಲು ಪೇಟವನ್ನು ಎತ್ತಿ ಹಿಡಿದಿದ್ದಾಗ ತೆಗೆದ ಫೋಟೋದಲ್ಲಿ ಅದು ಅವನ ತಲೆಯ ಮೇಲೇ ಕೂತಂತೆ ಬಿದ್ದಿತ್ತು. ಊರಿನವರ ತಲೆಯ ಅಳತೆಯನ್ನೆಲ್ಲ ಬಲ್ಲವನು ತನ್ನ ಮುಖದ ಗುರುತನ್ನೇ ಹಿಡಿಯಲಿಲ್ಲ! ಶರಣ್ಯ ಮಾವನ ಹೆಸರು ಒತ್ತಿದಳು. ಯಂತ್ರಕ್ಕೆ ಬೇಕಾದದ್ದು ಅಷ್ಟೇ. ಒಂದು ಲೋಟ ಚಹಾ ಕುಡಿದು ಮುಗಿಸುವುದರೊಳಗೆ ಚಿತ್ರ ಸಿದ್ಧವಾಯಿತು. ಊರಿನ ಕೆರೆ, ಅದರ ಮೇಲೆ 'ಶ್ರೀ ವೀರಬಸಪ್ಪನವರ ಸಾರ್ಥಕ ಪಯಣ' ಎಂಬ ಚಿನ್ನದ ಬಣ್ಣದ ಅಕ್ಷರ. ಇಷ್ಟನ್ನು ನೋಡಿ ಇಬ್ಬರೂ ತೃಪ್ತರಾದರು. ಮುಂದಿನದನ್ನು ನೋಡಲು ಪುರುಸೊತ್ತಿರಲಿಲ್ಲ, ಹೆಡ್‌ಮಾಸ್ಟರು ಮತ್ತೆ ದಾರಿ ತಪ್ಪಿದ್ದರು.

ಸಂಜೆ ಸಭಾಭವನ ಕಿಕ್ಕಿರಿದಿತ್ತು. ವೀರಬಸಪ್ಪನವರು ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ತೊಟ್ಟು, ಮೊದಲ ಸಲ ಶಾಲೆಗೆ ಬಂದ ಹುಡುಗನ ಹಾಗೆ ವೇದಿಕೆಯ ಮೇಲೆ ಕೂತಿದ್ದರು. ಮಾಬ್ಲಣ್ಣ ತಟ್ಟೆ ಹಿಡಿದು ವೇದಿಕೆಯ ಮಗ್ಗುಲಿನ ಪರದೆಯ ಮರೆಯಲ್ಲಿ ನಿಂತಿದ್ದ. ದೀಪ ಆರಿಸಿದರು. ಕೆರೆ ಬಂತು, ಚಿನ್ನದ ಅಕ್ಷರ ಬಂತು, ಚಪ್ಪಾಳೆಯೂ ಬಿತ್ತು.

ಆಮೇಲೆ ಬಂದದ್ದು ದೀಪ ಬೆಳಗಿಸುವ ಫೋಟೋ. ಚಿತ್ರ ನಿಧಾನವಾಗಿ ವೀರಬಸಪ್ಪನವರ ಕಡೆ ಸರಿಯಿತು, ಅವರನ್ನು ದಾಟಿತು, ಹಿಂದೆ ತಟ್ಟೆ ಹಿಡಿದು ನಿಂತವನ ಮುಖಕ್ಕೆ ಹೋಗಿ ನಿಂತು ಪರದೆಯ ತುಂಬ ಹಿಗ್ಗಿತು. "ವೀರ... ಬಸಪ್ಪನವರು ಸರಳ, ಸಜ್ಜನ ವ್ಯಕ್ತಿ" ಎಂದು ಹೆಣ್ಣುದನಿಯೊಂದು ಗಂಭೀರವಾಗಿ ಓದಿತು. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಮುಂದಿನ ಫೋಟೋದಲ್ಲೂ ಮಾಬ್ಲಣ್ಣ. ಅದರ ಮುಂದಿನದರಲ್ಲೂ ಅವನೇ. ಸುತ್ತಲಿದ್ದ ಗಣ್ಯರೆಲ್ಲ ಕತ್ತರಿಸಿಹೋಗಿ ಬರೀ ಭುಜ ಮತ್ತು ಕಿವಿಗಳಾಗಿ ಉಳಿದಿದ್ದರು. "ಇವರು ಪಡೆದ ಸನ್ಮಾನಗಳಿಗೆ ಲೆಕ್ಕವಿಲ್ಲ" ಎಂದಿತು ಹೆಣ್ಣುದನಿ. ಜನ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

ಬೆಳಿಗ್ಗೆ ತಾನು ಹೇಳಿದ್ದು ಏನು, ಆದದ್ದು ಏನು ಎಂದು ಮಾಬ್ಲಣ್ಣನಿಗೆ ಈಗ ಹೊಳೆಯಿತು. ಇಪ್ಪತ್ತೈದು ವರ್ಷ ಬೇಡ ಬೇಡ ಎಂದ ಮನುಷ್ಯ ಇದೊಂದು ದಿನ ಹ್ಞೂಂ ಎಂದಿದ್ದಾರೆ. ಆ ಒಂದು ದಿನವನ್ನೂ ತನ್ನ ಮೂತಿ ನುಂಗಿತಲ್ಲ! ಇನ್ನು ಅವರ ಮುಖವನ್ನು ಹೇಗೆ ನೋಡುವುದು? ಬೇಕೆಂದೇ ಮಾಡಿಸಿದ ಎಂದುಕೊಂಡರೆ? ನಿಲ್ಲಿಸಿ ಎಂದು ಶರಣ್ಯಳ ಕಡೆ ಕೈಬೀಸಿದ. ಅವಳೂ ಕಂಗಾಲಾಗಿ ಲ್ಯಾಪ್‌ಟಾಪಿಗೆ ಕೈ ಹಾಕಿದ್ದಳು. ಆದರೆ ಹಿಂದಿನ ಸಾಲಿನವರು "ಏ, ನಿಲ್ಲಿಸ್ಬ್ಯಾಡ್ರೀ" ಎಂದು ಕೂಗಿದ್ದಕ್ಕೆ ಅವಳ ಕೈ ಅಲ್ಲೇ ತಡೆಯಿತು.

ಅಷ್ಟರಲ್ಲಿ ವೀರಬಸಪ್ಪನವರ ಮುಖ ಬಂತು. ಪರದೆಯ ಕೆಳಗಿನ ಮೂಲೆಯಲ್ಲಿ, ಸಣ್ಣದಾಗಿ. ಅದರಡಿ ಹೀಗೆ ಬರೆದಿತ್ತು: 'ಸದಾ ಜೊತೆಗಿರುವ ಸಹಾಯಕರು.'

ನಗು ಥಟ್ಟನೆ ನಿಂತಿತು. ಅಲ್ಲಿಯವರೆಗೆ ತಮಾಷೆ ಆಗಿದ್ದದ್ದು ಈಗ ಅವಮಾನ ಆಯಿತೇನೋ ಎಂದು ಎಲ್ಲರಿಗೂ ಅನಿಸಿತು. ದೀಪ ಹತ್ತಿತು. ವೀರಬಸಪ್ಪನವರು ಮಂಡಿ ಹಿಡಿದುಕೊಂಡು ಎದ್ದರು. ಮೈಕಿನ ಹತ್ತಿರ ಹೋಗಲಿಲ್ಲ, ನೇರವಾಗಿ ಮಾಬ್ಲಣ್ಣ ನಿಂತಿದ್ದ ಮರೆಗೆ ಬಂದರು.

"ಯಜಮಾನ್ರೇ, ತಪ್ಪಾತು" ಎಂದ ಮಾಬ್ಲಣ್ಣ. "ದೇವರಾಣೆ ನಾ ಬೇಕಂತ ಮಾಡಿಲ್ಲ. ಕನ್ನಡಕ ಇರ್ಲಿಲ್ಲ. ಅದು ನೀವೇ ಅಂದ್ಕಂಡೆ."

"ತಟ್ಟೆ ಕೊಡ್ರಿ ಇಲ್ಲಿ" ಎಂದರು ವೀರಬಸಪ್ಪನವರು.

"ಆಂ?"

"ಸಹಾಯಕ ಅಂತ ಬರ್ದೈತಲ್ರೀ. ಕೆಲ್ಸ ಮಾಡಬ್ಯಾಡೇನು?" ತಟ್ಟೆ ಕಸಿದುಕೊಂಡು, ಸಭೆಯ ಕಡೆ ತಿರುಗಿ ಅವರು ಮೈಕಿಲ್ಲದೆಯೇ ಗುಡುಗಿದರು. "ಇಷ್ಟು ವರ್ಷ ಊರಾಗಿರೋರ್ನೆಲ್ಲ ಹುಡುಕಿ ಹುಡುಕಿ ಶಾಲು ಹೊದ್ಸಿದೆ. ಮಗ್ಗುಲಾಗೆ ನಿಂತೋರನ್ನ ನೋಡ್ಲೇ ಇಲ್ಲ. ಮಿಷನ್ನು ನೋಡೈತೆ. ನಂಗೆ ನಾಚಿಕೆ ಆಗ್ತೈತೆ ಕಣ್ರಪ್ಪ, ಖುಷಿನೂ ಆಗ್ತೈತೆ. ಕುಂದ್ರಿಸ್ರಿ ಇವರನ್ನ!"

ನಾಲ್ಕಾರು ಜನ ಬಂದು ಮಾಬ್ಲಣ್ಣನನ್ನು ಎತ್ತಿಕೊಂಡೇ ಹೋಗಿ ಅಲಂಕಾರದ ಕುರ್ಚಿಯಲ್ಲಿ ಕೂರಿಸಿದರು. ಮೂರನೆಯ ಸಾಲಿನಲ್ಲಿ ಮೂಕಾಂಬಿಕಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು. ಅವನಿಗೆ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ, ತೊಡೆಯ ಮೇಲಿಟ್ಟ, ತೆಗೆದ, ಮತ್ತೆ ಇಟ್ಟ. ಹೆಡ್‌ಮಾಸ್ಟರು ಮುಂದೆ ಬಂದು ಕೈ ಚಾಚಿದರು. ವೀರಬಸಪ್ಪನವರು ತಟ್ಟೆಯಿಂದ ನೇರವಾಗಿ ಪೇಟವನ್ನೇ ಎತ್ತಿಕೊಟ್ಟರು.

"ಶಾಲು, ಮೊದ್ಲು ಶಾಲು" ಎಂದು ಸನ್ಮಾನಿತರು ಪಿಸುಗುಟ್ಟಿದರು.

"ಇಷ್ಟು ವರ್ಷ ನೀವು ಕೊಟ್ಟಿದ್ದನ್ನ ಇಸ್ಕಂಡು ಹಾಕೀನಷ್ಟೇ ಕಣ್ರೀ. ಯಾವ್ದು ಮೊದ್ಲು ಅಂತ ನಾ ಎಂದು ನೋಡೀನಿ?" ಎಂದು ವೀರಬಸಪ್ಪನವರು ಪೇಟ ಕೆಳಗಿಟ್ಟು ಶಾಲು ಹುಡುಕಿದರು. ಸಭೆ ಮತ್ತೆ ನಗೆಯಲ್ಲಿ ಮುಳುಗಿತು. ಶಾಲು ಬಂತು, ಹಾರ ಬಂತು. ಶಿವಮೊಗ್ಗದಿಂದ ತಂದ ಪೇಟ ಮಾಬ್ಲಣ್ಣನ ತಲೆಗೆ ದೊಡ್ಡದಾಗಿ, ಹುಬ್ಬಿನವರೆಗೂ ಇಳಿದು ಕೂತಿತು.

ನಾಗರಾಜ್ ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕ್ಯಾಮೆರಾಕ್ಕೆ ಒತ್ತಿ ಹಿಡಿದಿದ್ದ. ಅವನಿಗೆ ಕಂಡದ್ದು ಕುರ್ಚಿಯ ಎದುರು ಅಡ್ಡ ಬಂದ ಒಂದು ಭುಜ ಮತ್ತು ತಟ್ಟೆ ಮಾತ್ರ. "ತಟ್ಟೆ ಹಿಡ್ಕಂಡೋರು ಸ್ವಲ್ಪ ಹಿಂದೆ ಹೋಗ್ರೀ, ಅಡ್ಡ ಆಗ್ತೀರಿ!" ಎಂದು ಗದರಿದ.

ವೀರಬಸಪ್ಪನವರು ಬೆಚ್ಚಿಬಿದ್ದು ಎರಡು ಹೆಜ್ಜೆ ಹಿಂದೆ ಸರಿದರು. ಮಾಬ್ಲಣ್ಣ ಕುರ್ಚಿಯಿಂದ ಎದ್ದೇಬಿಟ್ಟ. ಅವರ ತೋಳು ಹಿಡಿದು ಮುಂದಕ್ಕೆ ಎಳೆದುಕೊಂಡ.

"ನೀವು ಸರೀಬೇಡಿ ಯಜಮಾನ್ರೇ, ಇಲ್ಲೇ ನಿಲ್ಲಿ. ನೀವು ಪಕ್ಕದಲ್ಲಿ ಇಲ್ದೆ ಫೋಟೋಕ್ಕೆ ನಿಂತು ನಂಗೆ ಗೊತ್ತೇ ಇಲ್ಲ" ಎಂದ. ಹಾಗೆನ್ನುತ್ತಲೇ ತನ್ನ ಹುಬ್ಬಿನ ಮೇಲೆ ಕೂತಿದ್ದ ಪೇಟವನ್ನು ಎತ್ತಿ, ಎರಡೂ ಕೈಯಿಂದ ಅವರ ತಲೆಗೆ ತೊಡಿಸಿದ. ಅದು ಸರಿಯಾಗಿ ಕೂತಿತು.

ವೀರಬಸಪ್ಪನವರು ಬಾಯಿ ತೆರೆದರು. ಎಲ್ಲರೂ ಕಾದರು. ಅವರು ಬೇಡ ಎನ್ನಲಿಲ್ಲ.