ಎದುರು ಮನೆಯ ಆಫ್ರಿಕಾ

ಬಾದಾಮಿಯಿಂದ ಆಫ್ರಿಕಾ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಮೈ ಸೋತು ಬರುತ್ತದೆ. ಹಡಗಿನ ಓಕರಿಕೆ ನೆನಪಾಗಿ ಅಲ್ಲ. ಹಡಗು ಹತ್ತುವ ಮೊದಲೇ ನಾನು ದಣಿದು ಹೋಗಿದ್ದೆ, ಅದೂ ನಮ್ಮ ಮನೆಯ ಎದುರಿನ ಪಡಸಾಲೆಯಲ್ಲಿ ಕೂತು ಕೂತು.

ಐವತ್ತರ ದಶಕದ ನಡುವಿನ ಮಾತು. ನನ್ನ ಗಂಡ ಮೊಂಬಾಸಾದಲ್ಲಿ ಗುಮಾಸ್ತರಾಗಿದ್ದರು. ನಾನೂ ಅತ್ತೆಯೂ ಅವರಲ್ಲಿಗೆ ಹೊರಡುವುದೆಂದು ನಿಶ್ಚಯವಾಗಿತ್ತು. ನಾಲ್ಕು ವರ್ಷದ ಮಗಳು ಬರುವಂತಿರಲಿಲ್ಲ. ಆ ಬೇಸಿಗೆಯಲ್ಲಿ ವಿಷಮಜ್ವರ ಬಂದು ಕೂಸು ಕಡ್ಡಿಯಾಗಿತ್ತು. ಹಡಗು ಹತ್ತಿಸಲೇಬೇಡಿ ಎಂದು ದವಾಖಾನೆಯ ಡಾಕ್ಟರರು ಹೇಳಿಬಿಟ್ಟಿದ್ದರು. ಮುಂದಿನ ವರ್ಷ ಗಂಡ ರಜೆಯಲ್ಲಿ ಬಂದು ಕರೆದೊಯ್ಯುವವರೆಗೆ ಅವಳು ವೈನಿಯ ಹತ್ತಿರ, ಅಂದರೆ ನನ್ನ ಭಾವನ ಹೆಂಡತಿಯ ಹತ್ತಿರ ಇರಬೇಕು. ಟಿಕೆಟ್ಟು, ಪೆಟ್ಟಿಗೆ, ಸಮುದ್ರ ಯಾವುದರ ಚಿಂತೆಯೂ ನನಗಿರಲಿಲ್ಲ. ಆ ಕೂಸಿನ ಕೈ ಬಿಡಿಸಿಕೊಂಡು ಹೇಗೆ ಹೋಗಲಿ ಎಂಬುದೊಂದೇ ಚಿಂತೆ.

ಅತ್ತೆಯ ಚಿಂತೆ ಬೇರೆ. ಪಂಚಾಂಗದಲ್ಲಿ ಒಳ್ಳೆಯ ಗಳಿಗೆ ಬೆಳಿಗ್ಗೆಯೇ ಮುಗಿಯುತ್ತಿತ್ತು, ರೈಲು ಸಂಜೆಗೆ. ಹಾಗಾದಾಗ ನಮ್ಮಲ್ಲಿ ಪ್ರಸ್ಥಾನ ಇಡುವುದುಂಟು. ಬಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ ಕಟ್ಟಿ ಒಳ್ಳೆಯ ಗಳಿಗೆಗೆ ಬೇರೆಯವರ ಮನೆಯಲ್ಲಿ ಇಟ್ಟುಬಂದರೆ ಹೊರಟಂತೆಯೇ ಲೆಕ್ಕ. ಆಮೇಲೆ ಹೋಗುವಾಗ ಆ ಗಂಟು ಎತ್ತಿಕೊಂಡು ನಡೆದರಾಯಿತು. ಅತ್ತೆ ಇದಕ್ಕೆ ಒಪ್ಪಲಿಲ್ಲ.

"ಸೊಲ್ಲಾಪುರಕ್ಕ ಹೋಗೋದಾಗಿದ್ರ ಗಂಟು ಸಾಕಿತ್ತು. ಇದು ಸಮುದ್ರದ ಮ್ಯಾಲಿನ ಪ್ರಯಾಣ. ಮನಷ್ಯಾರ ಹೊರಗ ಬೀಳಬೇಕು," ಎಂದರು.

ಬಿದ್ದೆವು. ವೈನಿ ನನಗೆ ಕುಂಕುಮ ಹಚ್ಚಿ, ಇಬ್ಬರ ಅಂಗೈಗೂ ಮೊಸರು ಹಾಕಿದರು. ಹೊಸ್ತಿಲು ದಾಟುವಾಗ ಮಗಳು ನನ್ನ ಸೆರಗು ಹಿಡಿದು ಚೀರಿದ ಚೀರಿಗೆ ಮಾಳಿಗೆಯ ಮೇಲಿನ ಮಂಗಗಳು ಸಹ ಎದ್ದು ಓಡಿದವು. ವೈನಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ನಾನು ಎದೆ ಕಲ್ಲು ಮಾಡಿಕೊಂಡು, ಒಂದು ಚಕ್ಕಡಿ ಹಾಯುವಷ್ಟೇ ಅಗಲದ ಓಣಿ ದಾಟಿ, ಎದುರಿನ ಮಾಸ್ತರರ ಮನೆಯ ಪಡಸಾಲೆಯಲ್ಲಿ ಹೋಗಿ ಕೂತೆ. ಟಾಂಗಾ ಬರುವವರೆಗೆ ಅಲ್ಲೇ ಇರುವುದೆಂದು ಮಾತಾಗಿತ್ತು.

ಟಾಂಗಾಕ್ಕಿಂತ ಮೊದಲು ತಾರು ಬಂತು, ಮುಂಬೈಯ ಪರಿಚಯದವರು ಕಳಿಸಿದ ತಂತಿ. ಹಡಗು ರಿಪೇರಿಗೆ ನಿಂತಿದೆ, ಮತ್ತೆ ತಿಳಿಸುವವರೆಗೆ ಹೊರಡಬೇಡಿ ಎಂದು. ಸೀದಾ ಮನೆಗೆ ಹೋಗಿ ಕೂಸನ್ನು ಎತ್ತಿಕೊಳ್ಳಬೇಕೆಂದು ನಾನು ಎದ್ದೇಬಿಟ್ಟೆ.

"ಎಲ್ಲಿಗೆ ಹೊಂಟಿ?" ಎಂದರು ಅತ್ತೆ.

"ಮನಿಗೆ, ಅತ್ಯಾ."

"ಹುಚ್ಚ ಹಿಡದದೇನು ನಿನಗ? ಹೊರಬಿದ್ದವರು ಹೊಳ್ಳಿ ಹೊಸ್ತಿಲಾ ತುಳದ್ರ ಪ್ರಯಾಣ ಅಲ್ಲಿಗೇ ಮುರೀತು. ನಾ ಸಾಯೂದ್ರೊಳಗ ನನ್ನ ಮಗನ ಮಾರಿ ನೋಡಬೇಕೋ ಬ್ಯಾಡೋ? ಕೂಡು."

ಕೂತೆ. ಎಷ್ಟು ದಿನ ಅಂತೀರಿ? ಎಣಿಸುವುದನ್ನೇ ಬಿಟ್ಟೆ. ಮಾಸ್ತರರ ಹೆಂಡತಿ ಒಳ್ಳೆಯವರು, ಬೇಸರ ತೋರಿಸದೆ ಚಾಪೆ ಹಾಸಿಕೊಟ್ಟರು. ಊಟ ನಮ್ಮ ಮನೆಯಿಂದಲೇ ಓಣಿ ದಾಟಿ ಬರುತ್ತಿತ್ತು. ಅತ್ತೆ ಕಟ್ಟೆಯ ಮೇಲೆ ಕೂತು ಅಲ್ಲಿಂದಲೇ ಮನೆಯ ಕಾರುಬಾರು ನಡೆಸಿದರು. "ಏ, ಹಾಲು ಉಕ್ಕೇದ ನೋಡ! ವಾಸನಿ ಇಲ್ಲೀತನಾ ಬಂತು!" ಅತ್ತೆ ಹೋದರೂ ಹೋಗದಂತಾಗಿ ಪಾಪ ವೈನಿಗೆ ಸಂಕಟ. ಓಣಿಯವರಿಗೆ ತಮಾಷೆ. "ಏನ್ರಿ, ಆಫ್ರಿಕಾದಾಗ ಮಳಿ-ಬೆಳಿ ಹ್ಯಾಂಗದ?" ಎಂದು ಹಾದು ಹೋಗುವವರೆಲ್ಲ ಒಂದು ಮಾತು ಒಗೆದೇ ಹೋಗುವರು. ಮೊದಮೊದಲು ನಾನೂ ನಗುತ್ತಿದ್ದೆ. ಆಮೇಲಾಮೇಲೆ ಇವರ ಬಾಯಲ್ಲಿ ಮಣ್ಣು ಬೀಳಲಿ ಅನ್ನಿಸುತ್ತಿತ್ತು. ಪೆಟ್ಟಿಗೆಗೆ ಹಗ್ಗ ಬಿಗಿದಾಗಿತ್ತು, ಬಿಚ್ಚಲು ಅತ್ತೆ ಬಿಡುತ್ತಿರಲಿಲ್ಲ. ಹೊರಗಿದ್ದ ಎರಡೇ ಸೀರೆ ಒಗೆದು ಉಟ್ಟು, ಉಟ್ಟು ಒಗೆದು ಸಾಕಾಗಿ ಹೋಯಿತು.

ಅದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಸಂಜೆ. ಬೆಳಗಾದರೆ ಮಗಳು ಓಡಿಬಂದು ನನ್ನ ತೊಡೆಯೇರುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ವೈನಿ ಬಂದು ಎತ್ತಿಕೊಂಡು ಹೋಗುತ್ತಿದ್ದರು. "ಮಗ್ಗಲಾಗ ಮಲಗಿಸ್ಕೋಬ್ಯಾಡ, ಮತ್ತ ರೂಢಿ ಆದೀತು," ಎಂದು ಅತ್ತೆಯ ಅಪ್ಪಣೆ. ದಿನಾ ಸಂಜೆ ಅದೇ ಚೀರಾಟ, ಅದೇ ಸೆರಗು, ಅದೇ ಬೆರಳು. ಒಮ್ಮೆ ಬಿಟ್ಟು ಹೋಗುವುದಕ್ಕೇ ಎದೆ ಸಾಲದಿದ್ದವಳು ದಿನಕ್ಕೊಮ್ಮೆ ಬಿಡಬೇಕಾಯಿತು. ಒಂದು ಸಂಜೆ ತಡೆಯಲಾರದೆ ಹರಿಹಾಯ್ದೆ.

"ನಿಮ್ಮ ಮಗನ್ನ ನೀವು ನೋಡಬೇಕು, ಖರೆ. ನನ್ನ ಮಗಳನ್ನ ನಾ ನೋಡಬಾರದೇನ್ರಿ?"

ಬೈಯುತ್ತಾರೆ ಅಂದುಕೊಂಡಿದ್ದೆ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅವರೂ ದಣಿದಿದ್ದರು.

ಬರುಬರುತ್ತ ಮಗಳ ಅಳು ಕಡಿಮೆಯಾಯಿತು. ಚೀರಾಟ ಹೋಗಿ ಬಿಕ್ಕು, ಬಿಕ್ಕು ಹೋಗಿ ಮುನಿಸು, ಕೊನೆಗೆ ಅದೂ ಇಲ್ಲ. ದೀಪ ಹಚ್ಚಿದ ಕೂಡಲೇ ತಾನೇ ಎದ್ದು, "ಅವ್ವಾ, ನಾ ಮನಿಗೆ ಹೊಂಟೆ," ಎಂದು ಓಣಿ ದಾಟಿಬಿಡುತ್ತಿದ್ದಳು. ಒಂದು ದಿನ ಹಾಲು ಹಾಕುವವಳು, "ನಿಮ್ಮವ್ವ ಎಲ್ಲದಾಳವಾ?" ಎಂದು ಕೇಳಿದಾಗ ಮಾಸ್ತರರ ಮನೆಗೆ ಬೆರಳು ಮಾಡಿ, "ಆಫ್ರಿಕಾದಾಗ," ಎಂದಳು. ಓಣಿಯೆಲ್ಲ ನಕ್ಕಿತು. ಅವಳು ನಗಲಿಲ್ಲ. ಅವಳು ಅದನ್ನು ನಿಜವೆಂದೇ ನಂಬಿದ್ದಳು.

ಇದು ಆಫ್ರಿಕಾ ಅಲ್ಲ ಕೂಸೇ ಎಂದು ತಿಳಿಹೇಳಲು ಬಾಯಿ ತೆರೆದೆ. ವೈನಿ ಕಣ್ಣಲ್ಲೇ ತಡೆದರು. ಆಮೇಲೆ ಪಕ್ಕಕ್ಕೆ ಕರೆದು, "ಇರ್ಲಿ ಬಿಡವಾ. ಅತ್ತು ಅತ್ತು ಮತ್ತ ಜ್ವರ ತರಿಸ್ಕೊಳ್ಳೋದಕ್ಕಿಂತ ಇದ ಛಲೋ," ಎಂದರು. ನನಗೂ ಅಷ್ಟು ಹೊತ್ತಿಗೆ ವಾದಿಸುವ ತ್ರಾಣ ಉಳಿದಿರಲಿಲ್ಲ.

ಎರಡನೆಯ ತಾರು ಬಂತು, ಹಡಗು ಹೊರಡುತ್ತದೆ ಎಂದು. ಟಾಂಗಾವೂ ಬಂತು. ಓಣಿಗೆ ಓಣಿಯೇ ನೆರೆಯಿತು. ತಮಾಷೆ ಮಾಡಿದವರೆಲ್ಲ ಕಣ್ಣೊರೆಸಿಕೊಂಡರು. ನಾನು ಮಗಳನ್ನು ಎತ್ತಿ ಎದೆಗವಚಿಕೊಂಡೆ.

"ಆಫ್ರಿಕಾಕ್ಕ ಹೋಗಿ ಬರ್ತೇನಿ ಹಾಂ?" ಎಂದೆ.

"ಹೂಂ," ಎಂದು ತೋಳಿಂದ ಜಾರಿ ಇಳಿದಳು.

ಅಳದಿರಲಿ ಎಂದು ದಿನಾ ದೇವರಿಗೆ ಕೈ ಮುಗಿದವಳು ನಾನು. ಆ ಗಳಿಗೆಯಲ್ಲಿ, ಅಳಲಿ, ಒಂದಿಷ್ಟಾದರೂ ಅಳಲಿ ಎಂದು ಜೀವ ಒದ್ದಾಡಿತು. ಟಾಂಗಾ ಕದಲಿತು. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದು, "ಹೊಳ್ಳಿ ನೋಡಬ್ಯಾಡ," ಎಂದರು. ನೋಡಿದೆ. ಎಲ್ಲರೂ ಟಾಂಗಾದ ಕಡೆ ಕೈ ಬೀಸುತ್ತಿದ್ದರು. ಮಗಳೊಬ್ಬಳು ಮಾತ್ರ ನಮಗೆ ಬೆನ್ನು ಮಾಡಿ ಮಾಸ್ತರರ ಮನೆಯ ಮೆಟ್ಟಿಲು ಹತ್ತುತ್ತಿದ್ದಳು, ಅಲ್ಲಿ ಕೂತು ನನ್ನ ದಾರಿ ಕಾಯಲು.