ದಾಖಲಾ ತರ್ರಿ ಅಂದಿದ್ದರು

ಸೊಲ್ಲಾಪುರದಲ್ಲಿ ಬೆಳೆದ ನನಗೆ ಮರಾಠಿ ನೀರು ಕುಡಿದಷ್ಟು ಸಲೀಸು. ನನ್ನ ಗಂಡ ವಿಜಾಪುರ ಕಡೆಯ ಬಡಿಗ. ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದು ಏಳು ವರ್ಷವಾಗಿದ್ದರೂ ಅವರ ಮರಾಠಿಯಲ್ಲಿ ಅರ್ಧ ಕನ್ನಡವೇ ಇತ್ತು.

ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲ. ಸ್ಟೇಷನ್ ಹತ್ತಿರದ ವಸತಿ ಸೊಸೈಟಿಯೊಂದರಲ್ಲಿ, ಸರ್ಟಿಫಿಕೇಟ್ ಇದ್ದ ಬಡಿಗನೊಬ್ಬ ಮಾಡಿದ ಕಿಟಕಿಗಳೆಲ್ಲ ಉಬ್ಬಿ ಮುಚ್ಚಲು ಬಾರದಾಗಿದ್ದವು. ಹೊಸದಾಗಿ ಮಾಡಿಸಲು ಇವರನ್ನು ಕರೆದರು. ಈ ಕೆಲಸ ತಪ್ಪಿದರೆ ಇವರು ಠಾಣೆ ಊರಿನ ಕಾರ್ಖಾನೆಯಲ್ಲಿ ಪೆಟ್ಟಿಗೆಗಳಿಗೆ ಮೊಳೆ ಹೊಡೆಯಲು ಹೋಗಬೇಕಿತ್ತು. ಅದು ನನಗೆ ಸುತರಾಂ ಬೇಡವಾಗಿತ್ತು.

"ಸೆಕ್ರೆಟರಿ ಸಾಹೇಬ್ರು ದಾಖಲಾ ತರ್ರಿ ಅಂದಾರ. ಒಂದ ಸಣ್ಣ ಕಿಟಕಿ ಮಾಡಿ ಒಯ್ತೀನಿ" ಎಂದರು ಮನೆಗೆ ಬಂದವರೇ.

ಮರಾಠಿಯಲ್ಲಿ ದಾಖಲಾ ಎಂದರೆ ಉದಾಹರಣೆ ಹೌದು, ಸರ್ಟಿಫಿಕೇಟೂ ಹೌದು. ಸೆಕ್ರೆಟರಿ ಕೇಳಿದ್ದು ಇವರ ಬಳಿ ಇಲ್ಲದ ಸರ್ಟಿಫಿಕೇಟನ್ನೇ ಎಂದು ನನಗೆ ತಕ್ಷಣ ಹೊಳೆಯಿತು. ಆದರೂ ತುಟಿ ಬಿಚ್ಚಲಿಲ್ಲ.

ಒಣಗಿದ ಸಾಗವಾನಿಯಲ್ಲಿ, ಚೌಕಟ್ಟಿಗೆ ಒಂದು ಮೊಳೆಯನ್ನೂ ಹೊಡೆಯದೆ, ಮೊಳದುದ್ದದ ಕಿಟಕಿ ಮಾಡಿದರು. ಎರಡು ದಿನ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿಟ್ಟರು. ಭಾನುವಾರ ನಾನೂ ಜೊತೆಗೆ ಹೊರಟೆ.

ಸೊಸೈಟಿ ಆಫೀಸಿನಲ್ಲಿ ಕಿಟಕಿ ನೋಡಿ ಸೆಕ್ರೆಟರಿ ನಕ್ಕುಬಿಟ್ಟರು. "ಅಹೋ, ಹಾ ದಾಖಲಾ ನವ್ಹೆ! ಐಟಿಐಚಾ ಕಾಗದ್ ಕುಠೇ ಆಹೇ?" ಇದಲ್ಲ ದಾಖಲಾ, ಐಟಿಐ ಕಾಗದ ಎಲ್ಲಿ ಎಂದು.

ಕಾಗದ ಎಂಬ ಮಾತಿಗೆ ಇವರ ಮುಖ ಸಪ್ಪಗಾಯಿತು. ಕಿಟಕಿಯನ್ನು ಮತ್ತೆ ಚೀಲಕ್ಕೆ ಹಾಕಲು ಬಗ್ಗಿದರು. ನನಗೆ ರೇಗಿಹೋಯಿತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಮರಾಠಿಯಲ್ಲೇ ಹೇಳಿದೆ: "ಕಾಗದ ಇದ್ದವನು ಮಾಡಿದ ಕಿಟಕಿ ನಿಮ್ಮ ಬೆನ್ನ ಹಿಂದೆಯೇ ಇದೆ, ಸುತಳಿ ಕಟ್ಟಿ ನಿಲ್ಲಿಸಿದ್ದೀರಿ. ಇದು ಎರಡು ದಿನ ನೀರಲ್ಲಿತ್ತು. ನೀವೇ ಮುಚ್ಚಿ ನೋಡಿ."

ಅವರು ಒಂದೇ ಬೆರಳಿನಿಂದ ದೂಡಿದರು. ಸದ್ದಿಲ್ಲದೆ ಮುಚ್ಚಿತು. ತೆರೆದು ಮತ್ತೆ ಮುಚ್ಚಿದರು. ಮೂರನೆಯ ಸಲ ಮುಚ್ಚಿದ್ದು ಪರೀಕ್ಷೆಗಲ್ಲ, ಬರೀ ಖುಷಿಗೆ. ಸೋಮವಾರದಿಂದಲೇ ಬನ್ನಿ ಎಂದರು. ಅಂದು ನನಗಾದ ಹೆಮ್ಮೆಯನ್ನು ಇಂದೂ ಹೇಳಲು ನಾಚಿಕೆಯಿಲ್ಲ.

ರೈಲ್ವೆ ಸೇತುವೆ ಹತ್ತುವಾಗ ಇವರು ನಿಂತರು.

"ಕಾಗದಾ ಕೇಳ್ಯಾರಂತ ನಿನಗ ಮೊದಲ ಗೊತ್ತಿತ್ತೇನು?"

"ಗೊತ್ತಿತ್ರಿ."

"ಮತ್ತ ಹೇಳಲಿಲ್ಲ ಯಾಕ?"

"ಹೇಳಿದ್ರ ನೀವು ಬರ್ತಿದ್ರೇನು?"

ಅವರು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು.

"ಇಲ್ಲ" ಎಂದರು.