ಏಳು ಮೆಡಿಕಲ್ ದಾಟಿ

ಕಂಕನಾಡಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ನಿದ್ದೆ ಮಾತ್ರೆಯ ವಿಷಯದಲ್ಲಿ ನನ್ನ ಬಾಯಿ ಜೋರು. ಡಾಕ್ಟರ ಚೀಟಿ ಇಲ್ಲದೆ ಕೊಡುವುದಿಲ್ಲ. ಕೊಟ್ಟರೆ, ಅದೇ ಚೀಟಿಯನ್ನು ಇನ್ನೊಂದು ಅಂಗಡಿಯಲ್ಲಿ ತೋರಿಸದಂತೆ ಅದರ ಮೇಲೆ ಸೀಲ್ ಒತ್ತಿ ತಾರೀಕು ಬರೆಯುತ್ತೇನೆ. ಮಂತ್ರಿಯ ಮಗ ಬಂದರೂ ಇದೇ ಕ್ರಮ ಎಂದು ಜಂಬ ಕೊಚ್ಚುತ್ತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಶಕ್ತಿನಗರದಲ್ಲಿ ನಮ್ಮ ಮನೆ. ಪಕ್ಕದ ಮನೆಯ ಹುಡುಗಿಯ ಮೇಲೆ ಅವಳು ಕೆಲಸಕ್ಕಿದ್ದ ಕಡೆಯವನೊಬ್ಬ ಅತ್ಯಾಚಾರ ಮಾಡಿದ್ದ. ಕೇಸು ನಡೆಯುತ್ತಿತ್ತು. ಕಣ್ಣಿಗೆ ನಿದ್ದೆ ಹತ್ತುವುದಿಲ್ಲವೆಂದು ಡಾಕ್ಟರು ಹತ್ತು ದಿನಕ್ಕೆ ಮಾತ್ರೆ ಬರೆದಿದ್ದರು. ಚೀಟಿ ಹಿಡಿದು ಅವಳು ಕೌಂಟರಿನ ಮುಂದೆ ನಿಂತಾಗ ನನಗೆ ಅವಳ ಮುಖ ನೋಡಲಿಕ್ಕಾಗಲಿಲ್ಲ. ಸೀಲ್ ಕೈಯಲ್ಲಿತ್ತು, ಒತ್ತಲಿಲ್ಲ. ಪಾಪ, ಬೇಕಾದರೆ ಇನ್ನೊಮ್ಮೆ ತೆಗೆದುಕೊಳ್ಳಲಿ ಎಂದುಕೊಂಡೆ. ಆ ದಿನ ನನ್ನ ಕರುಣೆಯನ್ನು ನಾನೇ ಮೆಚ್ಚಿಕೊಂಡೆ ಕೂಡ.

ಎರಡು ತಿಂಗಳ ನಂತರ ಒಂದು ಮಧ್ಯಾಹ್ನ ಅವಳು ಮತ್ತೆ ಬಂದಳು. ಮುಖ ಊದಿತ್ತು, ಮಾತು ತೊದಲುತ್ತಿತ್ತು. ಅದೇ ಚೀಟಿಯನ್ನು ಕೌಂಟರಿನ ಮೇಲಿಟ್ಟಳು.

"ಅಕ್ಕ, ಇದಕ್ಕೆ ನೀವು ಸೀಲ್ ಹಾಕ್ಲೇ ಇಲ್ಲ. ಇದನ್ನೇ ತೋರಿಸಿ ಬೇರೆ ಬೇರೆ ಮೆಡಿಕಲ್‌ನಿಂದ ತಗೊಂಡೆ. ದಿನಕ್ಕೆ ಒಂದು ಇದ್ದದ್ದು ಮೂರಾಗಿದೆ. ಹಗಲಿಗೂ ಬೇಕು ಅಂತ ಆಗ್ತದೆ."

ಚೀಟಿ ತಿರುಗಿಸಿ ನೋಡಿದೆ, ಯಾರ ಸೀಲೂ ಇರಲಿಲ್ಲ. "ಎಂತ ಮಾರಾಯ್ತಿ ಇದು! ಅಮ್ಮನಿಗೆ ಗೊತ್ತುಂಟಾ?"

"ಇಲ್ಲ. ಡಾಕ್ಟರತ್ರ ಹೋಗ್ತೇನೆ. ಆದ್ರೆ ಇಲ್ಲಿಂದ ಆಸ್ಪತ್ರೆಗೆ ಏಳು ಮೆಡಿಕಲ್ ಉಂಟು. ಒಬ್ಬಳೇ ಆದ್ರೆ ನನಗೆ ದಾಟ್ಲಿಕ್ಕೆ ಆಗುದಿಲ್ಲ. ನೀವು ಬರ್ತೀರಾ?"

ಶಟರ್ ಎಳೆದು ಅವಳ ಕೈ ಹಿಡಿದು ಹೊರಟೆ. ಒಂದೊಂದು ಅಂಗಡಿ ಬಂದಾಗಲೂ ಅವಳ ಹಿಡಿತ ಬಿಗಿಯಾಗುತ್ತಿತ್ತು. ಐದನೆಯದರ ಮುಂದೆ ನಿಂತೇಬಿಟ್ಟಳು. ನಾನು ಎಳೆಯಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ. ಆ ಯೋಗ್ಯತೆ ನನಗೆಲ್ಲಿತ್ತು? ಬಸ್ಸೊಂದು ಹಾರ್ನ್ ಬಾರಿಸಿಕೊಂಡು ಹೋಯಿತು. ಅವಳು ನೆಲ ನೋಡಿಕೊಂಡೇ ಹೆಜ್ಜೆ ಎತ್ತಿಟ್ಟಳು. ವೇದಿಕೆ ಹತ್ತಿ ಗುಡುಗುವ ಧೀರರನ್ನು ಬೇಕಾದಷ್ಟು ಕಂಡಿದ್ದೇನೆ. ಇಂಥ ಧೈರ್ಯವನ್ನು ಮಾತ್ರ ಮತ್ತೆಲ್ಲೂ ನೋಡಿಲ್ಲ.

ಸೀಲ್ ಒತ್ತದವಳು ನಾನೇ ಎಂದು ಡಾಕ್ಟರಿಗೆ ಹೇಳಿದೆ. ಚೆನ್ನಾಗಿ ಬೈದರು, ಬೈಸಿಕೊಂಡೆ. ಒಮ್ಮೆಲೇ ನಿಲ್ಲಿಸಿದರೆ ಅಪಾಯ, ಸ್ವಲ್ಪ ಸ್ವಲ್ಪವೇ ಇಳಿಸೋಣ ಎಂದರು. ಪ್ರತಿ ಶನಿವಾರ ನನ್ನ ಅಂಗಡಿಯಿಂದ ಒಂದು ವಾರದ್ದು ಮಾತ್ರ. ಜೊತೆಗೆ ಕೌನ್ಸೆಲಿಂಗ್. ಅಮ್ಮನಿಗೆ ಎಲ್ಲವನ್ನೂ ಅವಳೇ ಕೂತು ಹೇಳಿದಳು.

ಮೂರು ಎರಡಾಯಿತು, ಎರಡು ಒಂದಾಯಿತು, ಅರ್ಧವಾಯಿತು. ನಡುವೆ ಅತ್ತದ್ದೂ ಉಂಟು, ಇನ್ನೊಂದು ಕೊಡಿ ಎಂದು ನನ್ನ ಹತ್ತಿರ ಜಗಳ ಕಾಯ್ದದ್ದೂ ಉಂಟು. ಆದರೆ ಶನಿವಾರ ತಪ್ಪಿಸಲಿಲ್ಲ.

ಹಾಗಿದ್ದವಳು ಒಂದು ಶನಿವಾರ ಬರಲೇ ಇಲ್ಲ. ಫೋನ್ ಎತ್ತಲಿಲ್ಲ. ರಾತ್ರಿ ನಾನು ಮನೆ ಮುಟ್ಟುವಾಗ ಪಕ್ಕದ ಮನೆಯ ದೀಪ ಆರಿತ್ತು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಅವರ ಬಾಗಿಲು ಬಡಿದೆ.

ಅವಳ ಅಮ್ಮ ಬಾಗಿಲು ತೆರೆದು ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲ ಮಾತಾಡಿ. ಇನ್ನು ಮಾತ್ರೆ ಬೇಡ ಅಂತ ಡಾಕ್ಟರು ಹೇಳಿ ಮೂರು ದಿನ ಆಯ್ತು. ಮೂರು ದಿನವೂ ಕಣ್ಣು ಮುಚ್ಚಿರ್ಲಿಲ್ಲ. ಬೆಳಿಗ್ಗೆ ಆರಕ್ಕೆ ನಿದ್ದೆ ಬಂದದ್ದು, ಅದರಷ್ಟಕ್ಕೇ. ಎಬ್ಬಿಸ್ಬೇಕಾ?"

"ಬೇಡ, ಬೇಡ" ಎಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಇಳಿದೆ.